ಖಂಡ ಉಣ್ಣುವವರ ಜತೆ ಪ್ರಾಣಿಗಳ ಬಗ್ಗೆ ಮಾತಾಡುವುದು ಹೇಗೆ?

ಕಲಬುರಗಿ, ಬೀದರ್, ಯಾದಗಿರಿ ಕಡೆ ಯಾರಿಗಾದರೂ "ಮಟನ್ ಬಿಡ್ರಿ" ಅಂದರೆ ಅವರಿಗೆ ಕೇಳಿಸುವುದು "ನಿಮ್ಮ ಜಾತಿ ಕೀಳು" ಎಂದು. ಬಾಡಿಗೆ ಮನೆ ಹುಡುಕಿಕೊಂಡು ಹೋದಾಗ "ಖಂಡ ತಿಂತೀರೇನ್ರಿ?" ಎಂದು ಮಾಲೀಕರು ಕೇಳುವುದು ಅಡುಗೆ ತಿಳಿಯಲಿಕ್ಕಲ್ಲ, ಜಾತಿ-ಧರ್ಮ ತಿಳಿಯಲಿಕ್ಕೆ. ಇದು ಎರಡೂ ಕಡೆಯವರಿಗೆ ಗೊತ್ತು. ಹೀಗಿರುವಾಗ ಪ್ರಾಣಿಗಳ ಪರವಾಗಿ ಮಾತಾಡಬೇಕೆನ್ನುವವರಿಗೆ ಈ ಸೀಮೆಯಲ್ಲಿ ಮೊದಲ ಕೆಲಸ ಕೋಳಿಯದೂ ಅಲ್ಲ, ಆಡಿನದೂ ಅಲ್ಲ. ಮಾತು ಮಡಿ-ಮೈಲಿಗೆಯ ಕಡೆ ಹೊರಳದಂತೆ ನೋಡಿಕೊಳ್ಳುವುದು. ಅದು ಕೆಟ್ಟರೆ ಎಂಥ ಅಂಕಿಅಂಶ ಹೇಳಿದರೂ ಎದುರಿಗಿದ್ದವರು ಎದ್ದು ಹೋಗುತ್ತಾರೆ. ಹೋಗುವುದೇ ಸರಿ ಕೂಡ.

ವೀಗನ್ ಎಂದರೆ ಮಾಂಸ, ಮೀನು, ಮೊಟ್ಟೆಯ ಜತೆಗೆ ಹಾಲು, ಮೊಸರು, ತುಪ್ಪ, ಜೇನನ್ನೂ ಬಿಟ್ಟವರು. ಆದಷ್ಟು ಮಟ್ಟಿಗೆ ಚರ್ಮ, ರೇಷ್ಮೆ, ಉಣ್ಣೆಯನ್ನೂ ದೂರ ಇಟ್ಟವರು. ಇದನ್ನು ಮೊದಲೇ ಬಿಡಿಸಿ ಹೇಳುವುದರಲ್ಲಿ ಒಂದು ಉಪಯೋಗವಿದೆ.

ಹಾಲಿನಿಂದ ಶುರು ಮಾಡಿ

ತುಪ್ಪದ ಹೋಳಿಗೆ ಉಂಡು ಕೈ ತೊಳೆದವರು ಪಕ್ಕದ ಓಣಿಯ ಬಿರಿಯಾನಿಯ ಬಗ್ಗೆ ಮಾತಾಡಿದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಮೊದಲ ಪ್ರಶ್ನೆ ಶಾಕಾಹಾರಿಗಳ ಮನೆಯ ಹಾಲಿನ ಬಗ್ಗೆಯೇ ಬರಲಿ. ಎಮ್ಮೆ ಹಾಲು ಕೊಡಬೇಕಾದರೆ ಈಯಬೇಕು. ಹತ್ತು ತಿಂಗಳು ಹೊತ್ತು ಈದ ಕರು ಕೋಣಗರುವಾದರೆ ಅದಕ್ಕೆ ಕೆಲಸವಿಲ್ಲ. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲಂತೂ ಇಲ್ಲವೇ ಇಲ್ಲ. ತಾಯಿಯ ಹಾಲು ಮಾರಾಟಕ್ಕೆ ಬೇಕು, ಕರು ಸೊರಗುತ್ತದೆ ಇಲ್ಲವೇ ಸಂತೆಗೆ ಹೋಗುತ್ತದೆ. ಬೀದರ್ ಸೀಮೆಯ ದೇವಣಿ ತಳಿಯಲ್ಲಿ ಹೋರಿಗೆ ಎಷ್ಟೋ ಬೆಲೆಯಿತ್ತು, ಏಕೆಂದರೆ ಕರಿಮಣ್ಣು ಉಳಲು ಎತ್ತು ಬೇಕಿತ್ತು. ಮಿಶ್ರತಳಿ ಆಕಳಿನ ಗಂಡುಕರುವಿಗೆ ಆ ಬೆಲೆಯೂ ಇಲ್ಲ.

ಇದರ ಮೇಲೆ ಕಾನೂನು. ಕರ್ನಾಟಕದ 2020ರ ಜಾನುವಾರು ಹತ್ಯೆ ತಡೆ ಕಾಯ್ದೆಯ ಪ್ರಕಾರ ಆಕಳು, ಕರು, ಹೋರಿ, ಎತ್ತು ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ-ಕೋಣಕ್ಕೆ ಮಾತ್ರ, ಅದೂ ಪ್ರಮಾಣಪತ್ರ ಇದ್ದರೆ, ಅವಕಾಶ. ಬತ್ತಿದ ಆಕಳನ್ನು ಏನು ಮಾಡಬೇಕೆಂಬ ಹೊರೆ ರೈತನ ತಲೆಗೆ ಬಂತು, ಹಾಲು ಕುಡಿದವರ ತಲೆಗೆ ಬರಲಿಲ್ಲ. ಈ ಮಾತನ್ನು ಮೊದಲು ಆಡಿದರೆ ಎದುರಿಗಿದ್ದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಇವರು ಮೇಲ್ಜಾತಿಯ ಅಡುಗೆಮನೆಯ ಪರವಾಗಿ ಬಂದವರಲ್ಲ, ಗೋರಕ್ಷಣೆಯ ಹೆಸರಲ್ಲಿ ಬಂದವರೂ ಅಲ್ಲ.

ಕೆಲವು ಮಾತುಗಳನ್ನು ಬಾಯಿಂದ ತೆಗೆದುಬಿಡಬೇಕು. "ಶುದ್ಧ", "ಸಾತ್ವಿಕ", "ತಾಮಸ", "ಹೊಲಸು", "ಕಟುಕರು", "ಹೆಣ ತಿನ್ನೋದು". ಇವೆಲ್ಲ ಪ್ರಾಣಿಯ ನೋವಿನ ಮಾತುಗಳೇ ಅಲ್ಲ, ಮನುಷ್ಯರನ್ನು ದೂರ ಇಡಲು ಬಳಸಿದ ಮಾತುಗಳು. ದಯೆಯ ವಚನವನ್ನೂ ಅವರ ಮುಖಕ್ಕೆ ಎಸೆಯಬೇಡಿ. ಬಸವಕಲ್ಯಾಣದ ನೆಲದಲ್ಲಿ ಅದು ಎಲ್ಲರಿಗೂ ಬಾಯಿಪಾಠ, ಮಟನ್ ಉಣ್ಣುವವರಿಗೂ. ಅವರಾಗಿ ಎತ್ತಿದರೆ ಮಾತು ಮುಂದುವರಿಸಿ.

ಯಾರಿಗೂ "ಯಾವ ಖಂಡ?" ಎಂದು ಕೇಳಬೇಡಿ. ಮೇಲಿನ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೇ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷದವರೆಗೆ ದಂಡ ಇದೆ. ನಿಮಗೆ ಕುತೂಹಲದ ಪ್ರಶ್ನೆ, ಅವರಿಗೆ ಠಾಣೆಯ ಭಯ. ಅವರಾಗಿಯೇ ಹೇಳಿಕೊಂಡರೆ ಆ ಮಾತು ನಿಮ್ಮಲ್ಲೇ ಉಳಿಯಲಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುವುದು, ಗ್ರೂಪಿಗೆ ಹಾಕುವುದು ಬೇಡವೇ ಬೇಡ. ಹಲಾಲ್-ಜಟ್ಕಾ ಎಂದು ಕೊಯ್ಯುವ ರೀತಿಯ ಜಗಳಕ್ಕೂ ಇಳಿಯಬೇಡಿ. 2022ರಲ್ಲಿ ರಾಜ್ಯದಲ್ಲಿ ಅದು ಎದ್ದಾಗ ಪ್ರಾಣಿಯ ಹೆಸರು ಹೇಳಿದವರೇ ಕಡಿಮೆ.

ಇನ್ನೊಂದು ಗುಂಪು ಇದೆ: ಮನೆಯಲ್ಲಿ ಇಲ್ಲ, ಧಾಬಾದಲ್ಲಿ ಇದೆ ಎನ್ನುವವರು. ಇವರ ಜತೆ ನಾಲ್ಕು ಜನರ ಮುಂದೆ ಈ ಮಾತು ತೆಗೆದರೆ ಅವರ ತಲೆಯಲ್ಲಿ ಓಡುವುದು ಒಂದೇ, ಗುಟ್ಟು ರಟ್ಟಾಗುತ್ತದೆ ಎಂದು. ಒಬ್ಬರೇ ಸಿಕ್ಕಾಗ ಮಾತ್ರ ಆಡಿ.

ಯಾವಾಗ, ಎಲ್ಲಿ

ಎದುರಿಗೆ ತಾಟು ಇರುವಾಗ ಬೇಡ. ಕೈ ಊಟದಲ್ಲಿರುವವರಿಗೆ ನಾಚಿಕೆ ಹುಟ್ಟಿದರೆ ಅದು ಅರೆಕ್ಷಣದಲ್ಲಿ ಸಿಟ್ಟಾಗುತ್ತದೆ. ಮದುವೆ, ತಿಥಿ, ಕಂದೂರಿ, ಬಕ್ರೀದ್ ದಿನಗಳೂ ಬೇಡ. ಹಾಸ್ಟೆಲ್ ಮೆಸ್‌ನಲ್ಲಿ ಟೇಬಲ್ಲಿಗೆ ಎಂಟು ಜನ ಕೂತಾಗಂತೂ ಬೇಡ. ಗುಲ್ಬರ್ಗ ವಿಶ್ವವಿದ್ಯಾಲಯವಿರಲಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವಿರಲಿ, ಇಂಥ ಮಾತು ಅಲ್ಲಿ ಐದು ನಿಮಿಷದಲ್ಲಿ ಜಾತಿ ಚರ್ಚೆಯಾಗುತ್ತದೆ. ಮಂದಿ ನೋಡುತ್ತಿರುವಾಗ ಯಾರೂ ತಮ್ಮ ಮಾತಿನಿಂದ ಹಿಂದೆ ಸರಿಯುವುದಿಲ್ಲ.

ಒಬ್ಬರೊಡನೆ ಒಬ್ಬರು, ಪಕ್ಕಪಕ್ಕದಲ್ಲಿ, ಕೈಗೆ ಏನಾದರೂ ಕೆಲಸ ಇರುವಾಗ ಒಳ್ಳೆಯದು. ಬಸ್ಸಿನ ಸೀಟು, ಹೊಲದ ಬದು, ಸಂಜೆಯ ನಡಿಗೆ. ಹತ್ತು ನಿಮಿಷ ಸಾಕು. ಅಮೆರಿಕದ ಮಯಾಮಿಯಲ್ಲಿ ಬ್ರೂಕ್‌ಮನ್ ಮತ್ತು ಕಲ್ಲಾ ಎಂಬ ಸಂಶೋಧಕರು ಮನೆಬಾಗಿಲಿನ ಮಾತುಕತೆಗಳನ್ನು ಅಧ್ಯಯನ ಮಾಡಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಷಯ ಆಹಾರವಲ್ಲ, ಲಿಂಗತ್ವ ಅಲ್ಪಸಂಖ್ಯಾತರ ಬಗೆಗಿನ ಪೂರ್ವಗ್ರಹ. ಸುಮಾರು ಹತ್ತು ನಿಮಿಷ, ವಾದವಿಲ್ಲದೆ, ಎದುರಿಗಿದ್ದವರ ಅನುಭವವನ್ನೇ ಕೇಳಿ ನಡೆಸಿದ ಮಾತಿನ ಪರಿಣಾಮ ಮೂರು ತಿಂಗಳ ಮೇಲೂ ಉಳಿದಿತ್ತು. ಅರ್ಧ ಗಂಟೆಯ ಉಪನ್ಯಾಸಕ್ಕೆ ಅಷ್ಟು ಆಯುಷ್ಯ ಇರುವುದು ಕಷ್ಟ.

ಚಹಾ ಅಂಗಡಿಯಲ್ಲಿ ಮಾತು ತಾನಾಗಿಯೇ ಹುಟ್ಟುತ್ತದೆ. ಹಾಲಿಲ್ಲದ ಕರಿ ಚಹಾಕ್ಕೆ ಲಿಂಬೆ ಹಿಂಡಿಸಿಕೊಳ್ಳಿ. ಯಾರಾದರೂ "ಹಾಲ್ಯಾಕ ಬ್ಯಾಡ್ರಿ, ಶುಗರ್ ಅದ ಏನು?" ಅಂತ ಕೇಳಿಯೇ ಕೇಳುತ್ತಾರೆ. ಉತ್ತರ ಒಂದೇ ಸಾಲು: "ಇಲ್ರಿ, ಹಾಲು ಕರುವಿಂದು ಅನಿಸ್ತು, ಬಿಟ್ಟೀನಿ." ಅಷ್ಟಕ್ಕೇ ನಿಲ್ಲಿಸಿ. ಎರಡನೇ ಪ್ರಶ್ನೆ ಬಂದರೆ ಮಾತು ಮುಂದುವರಿಯಲಿ, ಬರದಿದ್ದರೆ ಚಹಾ ಕುಡಿದು ಏಳಿ.

ಕೇಳುವುದು, ಆಮೇಲೆ ಸುಮ್ಮನಿರುವುದು

ವಿಲಿಯಂ ಮಿಲ್ಲರ್ ಎಂಬ ಮನೋವಿಜ್ಞಾನಿ 1983ರಲ್ಲಿ ಕುಡಿತದ ಚಟ ಇರುವವರ ಜತೆ ಮಾತಾಡುವ ಒಂದು ಕ್ರಮವನ್ನು ವಿವರಿಸಿದರು. ಮುಂದೆ ಸ್ಟೀಫನ್ ರೋಲ್ನಿಕ್ ಜತೆಗೂಡಿ ಅದನ್ನು ಬೆಳೆಸಿದರು. ಅದರ ತಿರುಳು ಇಷ್ಟು: ಬದಲಾವಣೆಗೆ ಕಾರಣ ನೀವು ಹೇಳಿದರೆ ಅವರು ಅದರ ವಿರುದ್ಧ ವಾದಿಸುತ್ತಾರೆ, ಕಾರಣ ಅವರ ಬಾಯಿಂದಲೇ ಬಂದರೆ ಅವರಲ್ಲೇ ಉಳಿಯುತ್ತದೆ. ಮಾಂಸ ತಿನ್ನುವುದು ಚಟವಲ್ಲ, ಹಾಗೆ ಹೇಳಲೂ ಬಾರದು. ಆದರೆ ಕ್ರಮ ಇಲ್ಲಿಗೂ ಒಗ್ಗುತ್ತದೆ.

ಮೊದಲು ಅಪ್ಪಣೆ ಕೇಳಿ, ನಿಜವಾಗಿ ಕೇಳಿ.

"ಕಾಕಾ, ಒಂದು ಮಾತು ಕೇಳ್ಲೇನ್ರಿ? ಬ್ಯಾಡಂದ್ರ ಬಿಡ್ತೀನಿ."

"ಕೇಳಪ್ಪ, ಅದಕ್ಕೇನಾತು."

"ಮನ್ಯಾಗ ಸಾಕಿದ ಆಡು ಕೊಯ್ಯೋ ದಿನ ನಿಮಗ ಹ್ಯಾಂಗನಸ್ತದ?"

"ಏನನಸ್ತದ... ಹುಡುಗ್ರು ಅಳ್ತಾವ. ನಾ ಸ್ವಲ್ಪ ಹೊರಗ ಹೋಗಿ ಬರ್ತೀನಿ."

ಹೆಚ್ಚಿನ ಮಾತುಕತೆ ಕೆಡುವುದು ಈ ಜಾಗದಲ್ಲೇ. "ನೋಡ್ರಿ, ತಪ್ಪಂತ ನಿಮಗೂ ಗೊತ್ತದ!" ಎಂದು ಹಾರಿಬಿದ್ದರೆ ಕಾಕಾ ಮರುಕ್ಷಣವೇ "ಏ, ದೇವರೇ ಮಾಡ್ಯಾನ, ತಿನ್ಲಾಕಂತ್ಲೇ ಮಾಡ್ಯಾನ" ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಅದರ ಬದಲು ಅವರ ಮಾತನ್ನೇ ಮೆಲ್ಲಗೆ ಹಿಂದಿರುಗಿಸಿ: "ಹೊರಗ ಹೋಗ್ತೀರಿ." ಅಷ್ಟೇ, ಪ್ರಶ್ನೆಯ ದನಿ ಇಲ್ಲದೆ. ಆಮೇಲೆ ನಾಲ್ಕೈದು ಸೆಕೆಂಡು ಬಾಯಿ ಮುಚ್ಚಿಕೊಂಡಿರಿ. ಬಹಳ ಉದ್ದ ಅನಿಸುತ್ತದೆ, ಆದರೂ ತಡೆಯಿರಿ. ಆ ಮೌನದಲ್ಲಿ ಅವರು ಹೇಳುವ ಮುಂದಿನ ಮಾತು ನಿಮ್ಮ ಯಾವ ವಾದಕ್ಕಿಂತಲೂ ಹೆಚ್ಚು ತೂಕದ್ದು. ಏನೂ ಹೇಳದೆ ಬೇರೆ ವಿಷಯಕ್ಕೆ ಹೋದರೆ ನೀವೂ ಅವರ ಜತೆ ಅತ್ತಲೇ ಹೋಗಿ. ಈ ದಿನಕ್ಕೆ ಸಾಕು.

ಅಳತೆ ಕೇಳುವ ಪ್ರಶ್ನೆಯೂ ಒಂದಿದೆ. "ವಾರದಾಗ ಒಂದು ದಿನ ಕೋಳಿ ಬಿಡಬೇಕಂತ ಎಷ್ಟು ಅನಸ್ತದ ನಿಮಗ, ಸೊನ್ನಿಯಿಂದ ಹತ್ತರಾಗ?" ಅವರು "ಮೂರು" ಅಂದರೆ "ಯಾಕ್ರಿ ಇಷ್ಟ ಕಮ್ಮಿ?" ಎಂದು ಕೇಳಬೇಡಿ. ಆಗ ಬಿಡದಿರಲು ಕಾರಣಗಳ ಪಟ್ಟಿ ಬರುತ್ತದೆ, ಹೇಳುತ್ತ ಹೇಳುತ್ತ ಅದು ಅವರಿಗೇ ಗಟ್ಟಿಯಾಗುತ್ತದೆ. "ಸೊನ್ನಿ ಯಾಕ ಅನ್ಲಿಲ್ರಿ, ಮೂರು ಯಾಕ?" ಎಂದು ಕೇಳಿ. ಬಿಪಿ, ಖರ್ಚು, ಫಾರ್ಮ್ ಕೋಳಿಯ ಇಂಜೆಕ್ಷನ್ ಬಗ್ಗೆ ಅನುಮಾನ, ಮಗಳು ಬಿಟ್ಟದ್ದು, ಏನಾದರೂ ಒಂದು ಹೊರಬರುತ್ತದೆ. ಅದು ನಿಮ್ಮ ಕಾರಣವಲ್ಲದಿದ್ದರೂ ತಿದ್ದಲು ಹೋಗಬೇಡಿ. ಒಂದೇ ಕಡೆ ಮಾತ್ರ ತಿದ್ದಿ: ಅವರು ಹೇಳಿದ್ದು ಸುಳ್ಳು ಸುದ್ದಿಯಾಗಿದ್ದರೆ. ಬ್ರಾಯ್ಲರ್ ಕೋಳಿ ಬೇಗ ಬೆಳೆಯುವುದು ಮುಖ್ಯವಾಗಿ ತಳಿ ಆಯ್ಕೆ ಮತ್ತು ಮೇವಿನಿಂದ, ಹಾರ್ಮೋನ್ ಇಂಜೆಕ್ಷನ್‌ನಿಂದ ಅಲ್ಲ. ನಿಮಗೆ ಅನುಕೂಲವಾದ ಸುಳ್ಳನ್ನು ಬೆಳೆಯಲು ಬಿಟ್ಟರೆ, ಗೊತ್ತಾದ ದಿನ ನಿಮ್ಮ ನಿಜವೂ ಹೋಗುತ್ತದೆ.

ಕೋಳಿ ಮತ್ತು ಮೊಟ್ಟೆ

ಆಡು-ಕುರಿಯಿಂದ ಶುರು ಮಾಡುವವರು ತಪ್ಪು ತುದಿ ಹಿಡಿದಿರುತ್ತಾರೆ. ಯಾದಗಿರಿ ಕಡೆಯ ಕುರಿ ಬಯಲಲ್ಲಿ ಮೇಯುತ್ತದೆ, ಹಿಂಡಿನಲ್ಲಿ ಇರುತ್ತದೆ, ಕಾಯುವವರಿಗೆ ಒಂದೊಂದರ ಗುರುತೂ ಇರುತ್ತದೆ. ನೋವು ದಟ್ಟವಾಗಿರುವುದು ಫಾರ್ಮಿನಲ್ಲಿ. ಅಲ್ಲಿನ ಸಂಗತಿ ತಿಳಿದಿರಲಿ, ಕೇಳಿದರೆ ಮಾತ್ರ ಹೇಳಿ, ಒಂದು ಸಲಕ್ಕೆ ಒಂದೇ ಹೇಳಿ.

ಬ್ರಾಯ್ಲರ್ ಕೋಳಿ ಸುಮಾರು 35ರಿಂದ 42 ದಿನಕ್ಕೆ ಎರಡು ಕಿಲೋ ತೂಗುತ್ತದೆ, ಆಗಲೇ ಅಂಗಡಿಗೆ ಬರುತ್ತದೆ. ಜವಾರಿ (ನಾಟಿ) ಕೋಳಿ, ಕೊಯ್ಯದೆ ಬಿಟ್ಟರೆ, ಐದಾರು ವರ್ಷ, ಅದಕ್ಕೂ ಹೆಚ್ಚು ಬದುಕಬಲ್ಲದು. ಮೈ ಇಷ್ಟು ಬೇಗ ಬೆಳೆಯುವುದರಿಂದ ಕಾಲು ತೂಕ ಹೊರಲಾರದೆ ಎಷ್ಟೋ ಕೋಳಿ ಕುಂಟುತ್ತವೆ. ಮೊಟ್ಟೆಯ ಕೋಳಿಗೆ ಪಂಜರದಲ್ಲಿ ಸಿಗುವ ಜಾಗ ಒಂದು ಎ4 ಹಾಳೆಗಿಂತ ಕಡಿಮೆ, ರೆಕ್ಕೆ ಬಿಚ್ಚಲಾಗದು. ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಇಟ್ಟು, ಇಳುವರಿ ಇಳಿದಾಗ ಅದೂ ಮಾಂಸಕ್ಕೇ ಹೋಗುತ್ತದೆ. ಆ ತಳಿಯ ಗಂಡುಮರಿ ಮೊಟ್ಟೆಯನ್ನೂ ಇಡದು, ಮಾಂಸವೂ ತುಂಬದು, ಹಾಗಾಗಿ ಹ್ಯಾಚರಿಯಲ್ಲಿ ಹುಟ್ಟಿದ ದಿನವೇ ಕೊಲ್ಲುತ್ತಾರೆ. ಮೊಟ್ಟೆಯಲ್ಲಿ ಸಾವಿಲ್ಲ ಎಂದು ನಂಬಿದವರಿಗೆ ಈ ಕೊನೆಯ ಸಂಗತಿ ಹೊಸದು.

ಬೈಕಿಗೆ ಕೋಳಿಗಳನ್ನು ತಲೆಕೆಳಗಾಗಿ ಕಟ್ಟಿಕೊಂಡು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಒಂದು ಚಹಾ-ಮಿರ್ಚಿಯ ಬೆಲೆ ಎನ್ನಬಹುದು.

ಇಲ್ಲಿ ಒಂದು ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಿ. 25 ಕಿಲೋ ತೂಗುವ ಆಡಿನಿಂದ ಸುಮಾರು 12 ಕಿಲೋ ಮಾಂಸ ಬರುತ್ತದೆ. ಎರಡು ಕಿಲೋ ಕೋಳಿಯಿಂದ 1.4 ಕಿಲೋ. ಅಂದರೆ ಒಂದು ಆಡಿನ ಬದಲಿಗೆ ಎಂಟೊಂಬತ್ತು ಕೋಳಿ. "ಮಟನ್ ಬಿಟ್ಟು ಚಿಕನ್ ತಿನ್ರಿ, ಹಾರ್ಟಿಗೆ ಒಳ್ಳೇದು" ಎಂದು ಡಾಕ್ಟರು ಹೇಳಬಹುದು, ಪ್ರಾಣಿಗಳ ಪರ ಮಾತಾಡುವವರು ಹೇಳಿದರೆ ಜೀವಗಳ ಲೆಕ್ಕ ಏರುತ್ತದೆ. ಯಾರಾದರೂ ಒಂದನ್ನು ಕಡಿಮೆ ಮಾಡಲು ಒಪ್ಪಿದರೆ ಅದು ಕೋಳಿಯಾಗಲಿ.

ಬರುವ ಎದುರುಮಾತುಗಳು

ಮಾಂಸ ತಿನ್ನುವುದಕ್ಕೆ ಜನ ಕೊಡುವ ಸಮರ್ಥನೆಗಳಲ್ಲಿ ಹೆಚ್ಚಿನವು ನಾಲ್ಕು ಬಗೆಯವು ಎಂದು 2015ರಲ್ಲಿ ಜೇರೆಡ್ ಪಿಯಾಝಾ ಮತ್ತು ಸಂಗಡಿಗರು ತೋರಿಸಿದರು: ಸಹಜ, ರೂಢಿ, ಅಗತ್ಯ, ರುಚಿ. ನಮ್ಮ ಕಡೆ ಐದನೆಯದೊಂದಿದೆ, "ನಮ್ಮ ದೇವರಿಗೆ ನಡೀತದ". ಅದನ್ನು ಮುಂದೆ ನೋಡೋಣ.

"ಗಿಡಕ್ಕೂ ಜೀವ ಅದಲ್ಲರಿ?" ನಗಬೇಡಿ. ಜೀವ ಇದೆ, ನೋವು ತಿಳಿಯುವ ಮಿದುಳು-ನರ ಇಲ್ಲ. ಎರಡು ಕಿಲೋ ಬ್ರಾಯ್ಲರ್ ಬೆಳೆಯಲು ಮೂರು ಕಿಲೋಗೂ ಮೇಲ್ಪಟ್ಟು ಮೆಕ್ಕೆಜೋಳ, ಸೋಯಾ ಮೇವು ಬೇಕು, ಗಿಡದ ಜೀವ ಲೆಕ್ಕ ಹಾಕಿದರೂ ಕೋಳಿ ತಿನ್ನುವವರ ಪಾಲೇ ಹೆಚ್ಚು. ಆದರೆ ಈ ಮೇವಿನ ವಾದವನ್ನು ಬೀಳುಭೂಮಿಯಲ್ಲಿ ಮೇಯುವ ಆಡಿಗೆ ಹಚ್ಚಬೇಡಿ. ಅದು ತಿನ್ನುವ ಜಾಲಿಕಾಯಿಯನ್ನು ಮನುಷ್ಯರು ತಿನ್ನುವುದಿಲ್ಲ. ಕುರಿಗಾಹಿಗಳು ಈ ತಪ್ಪನ್ನು ಒಂದೇ ಏಟಿಗೆ ಹಿಡಿಯುತ್ತಾರೆ.

"ತೊಗರಿ ಬೆಳೀಲಾಕ ಎಷ್ಟು ಹುಳ ಸಾಯ್ತಾವ, ಗೊತ್ತೇನು?" ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಅದೇ ತೊಗರಿಯ ಕಾಯಿಕೊರಕ ಹುಳಕ್ಕೆ ಔಷಧ ಹೊಡೆಯುತ್ತಾರೆ, ಗಿಡ ಅಲುಗಿಸಿ ಹುಳ ಕೆಡವಿ ಕೊಲ್ಲುವುದೂ ಉಂಟು. ಪ್ರಶ್ನೆ ನ್ಯಾಯವಾದದ್ದು. "ಹೌದ್ರಿ, ಸಾಯ್ತಾವ. ಪೂರ್ತಿ ತಪ್ಪಿಸ್ಲಾಕ ನನಗೂ ಬರಂಗಿಲ್ಲ, ಕಮ್ಮಿ ಮಾಡ್ಲಾಕ ನೋಡ್ತೀನಿ" ಎನ್ನಿ. ತಾವು ಯಾರಿಗೂ ನೋವು ಮಾಡುವುದೇ ಇಲ್ಲ ಎನ್ನುವ ವೀಗನ್‌ನನ್ನು ರೈತರು ನಂಬುವುದಿಲ್ಲ.

"ಆಡು ಮಾರಿಯೇ ನಮ್ಮ ಹುಡುಗಿ ಕಾಲೇಜ್ ಫೀ ಕಟ್ಟೀವಿ." ಇಲ್ಲಿ ವಾದವಿಲ್ಲ. ಹೊಲವಿಲ್ಲದ ಮನೆಯ ಹೆಂಗಸಿಗೆ ಎರಡು ಆಡು ಎಂದರೆ ಉಳಿತಾಯದ ಖಾತೆ. ಬೇರೆ ಆದಾಯದ ದಾರಿ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಸಾಕುವವರ ಜತೆ ಈ ಮಾತು ಬೇಡ. ದುಡ್ಡು ಕೊಟ್ಟು ಕೊಳ್ಳುವ, ಬೇರೆ ಆಯ್ಕೆ ಇರುವವರ ಜತೆ ಆಡಿ. ಚರ್ಮದ ಕೆಲಸ ಮಾಡುವವರಿಗೂ ಇದೇ ಮಾತು.

"ನೀ ಯಾರಲೇ ಹೇಳಾಂವ?" ಎಂದರೆ "ಖರೆ, ನಾ ಹೇಳಾಂವಲ್ಲ" ಎಂದು ಅಲ್ಲಿಗೆ ಬಿಡಿ.

ಹಬ್ಬ, ಹರಕೆ

ಹರಕೆ ಕುರಿಯ ಮಾತು ಬಂದಾಗ ನೆನಪಿರಲಿ, ಹರಕೆ ಹೊತ್ತವರು ಬಹಳ ಸಲ ಮನೆಯ ಹಿರಿಯ ಹೆಂಗಸು. ಮೊಮ್ಮಗನ ಜ್ವರವೋ ಮಗಳ ಹೆರಿಗೆಯೋ ಅದರ ಹಿಂದೆ ಇರುತ್ತದೆ. ಆ ಭಯಕ್ಕೆ ಕಿವಿಗೊಡದೆ ಕುರಿಯ ಪರ ಮಾತಾಡಿದರೆ "ಮಗು ಸತ್ತರೂ ಪರವಾಗಿಲ್ಲ" ಎಂದಂತೆ ಕೇಳಿಸುತ್ತದೆ. "ಅವ್ವಾ, ಆವಾಗ ಏನಾಗಿತ್ತು?" ಎಂದು ಆ ಕತೆ ಪೂರ್ತಿ ಕೇಳಿ. ಕುಂಬಳಕಾಯಿಯೋ ತೆಂಗಿನಕಾಯಿಯೋ ಒಡೆದರೆ ದೇವರು ಒಪ್ಪುತ್ತಾನೋ ಎಂದು ಪೂಜಾರಿಯನ್ನು ಕೇಳುವ ನಿರ್ಧಾರ ಅವರದು. ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿಯನ್ನು ರಾಜ್ಯದ 1959ರ ಕಾಯ್ದೆ ನಿಷೇಧಿಸಿದೆ. ಆದರೆ ಕಾಯ್ದೆಯ ಹೆಸರು ಎತ್ತಿದ ಗಳಿಗೆಯಲ್ಲೇ ನೀವು ಪೊಲೀಸರ ಕಡೆಯವರಾಗುತ್ತೀರಿ.

ಯಾದಗಿರಿಯ ಮೈಲಾಪುರ ಜಾತ್ರೆಯಲ್ಲಿ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಪದ್ಧತಿಗೆ ಜಿಲ್ಲಾಡಳಿತ ತಡೆ ಹಾಕಿದೆ. ದಾರಿಯಲ್ಲಿ ಚೆಕ್‌ಪೋಸ್ಟ್ ಇಟ್ಟು ಮರಿಗಳನ್ನು ವಶಕ್ಕೆ ಪಡೆಯುತ್ತಾರೆ. ಜಾತ್ರೆ ನಿಂತಿಲ್ಲ, ಭಂಡಾರ ಹಾರುತ್ತಲೇ ಇದೆ. ಪದ್ಧತಿ ಬದಲಾದರೂ ಭಕ್ತಿ ಉಳಿಯುತ್ತದೆ ಎಂಬುದಕ್ಕೆ ಇದು ಹತ್ತಿರದ ಉದಾಹರಣೆ. ಜತೆಗೆ ಕಾವಲು ಹಾಕಿ ನಿಲ್ಲಿಸಿದ್ದಕ್ಕೂ ಜನರೇ ಮನಸ್ಸು ಮಾಡಿ ಬಿಟ್ಟದ್ದಕ್ಕೂ ಇರುವ ಅಂತರವೂ ಇಲ್ಲೇ ಕಾಣುತ್ತದೆ: ಮರಿ ತರುವವರು ಇನ್ನೂ ಇರುವುದರಿಂದಲೇ ಚೆಕ್‌ಪೋಸ್ಟ್ ಬೇಕಾಗುತ್ತದೆ.

ಬಕ್ರೀದ್ ಕುರ್ಬಾನಿಯ ಮಾಂಸವನ್ನು ರೂಢಿಯಂತೆ ಮೂರು ಪಾಲು ಮಾಡುತ್ತಾರೆ, ಒಂದು ಪಾಲು ಬಡವರಿಗೆ. ವರ್ಷವಿಡೀ ಕೋಳಿ ಅಂಗಡಿಯ ಬಗ್ಗೆ ಸುಮ್ಮನಿದ್ದು ಆ ಒಂದು ದಿನ ಪ್ರಾಣಿದಯೆ ನೆನಪಾದರೆ ಮುಸ್ಲಿಂ ಗೆಳೆಯರು ಅದನ್ನು ದಯೆ ಎಂದು ತೆಗೆದುಕೊಳ್ಳುವುದಿಲ್ಲ. ಬೇರೆ ದಿನ, ಬೇರೆ ಕಡೆಯಿಂದ ಬನ್ನಿ. ಮೊಹರಂನ ಚೊಂಗೆ, ಮಾಲಿದಿ ಎರಡೂ ಗೋಧಿ-ಬೆಲ್ಲದವು. ತುಪ್ಪ ಹಾಕದೆ ಮಾಡಿದ್ದಿದ್ದರೆ ಕೇಳಿ ತಿನ್ನಿ. ತಿನ್ನುವಂಥದ್ದನ್ನು ಕೇಳಿ ತಿಂದ ಅತಿಥಿಗೆ, ತಿನ್ನದ್ದನ್ನು ಬೇಡವೆನ್ನುವ ಸಲುಗೆಯೂ ಸಿಗುತ್ತದೆ.

ಶಾಲೆಯ ಮೊಟ್ಟೆ

2021ರ ಡಿಸೆಂಬರ್‌ನಲ್ಲಿ ರಾಜ್ಯದ ಬಿಸಿಯೂಟದಲ್ಲಿ ಮೊಟ್ಟೆ ಶುರುವಾದದ್ದು ನಮ್ಮ ಜಿಲ್ಲೆಗಳೂ ಸೇರಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದಲ್ಲಿ, ಮಕ್ಕಳ ಅಪೌಷ್ಟಿಕತೆ ಮತ್ತು ರಕ್ತಹೀನತೆಯ ಕಾರಣಕ್ಕೆ. ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ಪ್ರಾಣಿಗಳ ಹೆಸರಿನಲ್ಲಿ ನೀವೂ ಆ ಸಾಲಿಗೆ ಸೇರಬೇಡಿ. ಹಸಿದ ಮಗುವಿನ ತಾಟಿನಿಂದ ಮೊಟ್ಟೆ ತೆಗೆಯಿರಿ ಎನ್ನುವವರ ಮುಂದಿನ ಯಾವ ಮಾತನ್ನೂ ತಾಯಂದಿರು ಕೇಳುವುದಿಲ್ಲ. ಬಾಳೆಹಣ್ಣು ಮೊಟ್ಟೆಯ ಪ್ರೋಟೀನಿಗೆ ಸಾಟಿಯಲ್ಲ, ಶೇಂಗಾ ಚಿಕ್ಕಿ, ಕಾಳು ಹೆಚ್ಚು ಕೊಡಿ ಎಂದು ಕೇಳುವುದು ಬೇರೆ ವಿಷಯ, ಅದನ್ನು ಕೇಳಿ. ಗರ್ಭಿಣಿ, ಬಾಣಂತಿ, ಟಿಬಿ ಔಷಧ ತೆಗೆದುಕೊಳ್ಳುವವರು, ಆಗತಾನೆ ಆಪರೇಷನ್ ಆದವರು ಇವರ ಜತೆಗೂ ಬಿಡುವ ಮಾತು ಬೇಡ.

ತಾಟಿನ ಲೆಕ್ಕ

"ಬಿಟ್ರ ತಾಕತ್ತೆಲ್ಲಿಂದ ಬರ್ತದ?" ಎಂಬುದಕ್ಕೆ ಉತ್ತರ ಇಲ್ಲಿನ ಊಟದಲ್ಲೇ ಇದೆ. 60 ಕಿಲೋ ತೂಗುವವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ನಾಲ್ಕು ಜೋಳದ ರೊಟ್ಟಿಗೆ 250 ಗ್ರಾಂ ಹಿಟ್ಟು ಹಿಡಿದರೆ 25 ಗ್ರಾಂ. 50 ಗ್ರಾಂ ತೊಗರಿಬೇಳೆಯಿಂದ 11. ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾದ ಹಿಂಡಿಯಿಂದ (ಚಟ್ನಿಪುಡಿ) 7. ಹೆಸರುಕಾಳು ಅಥವಾ ಕಡಲೆ 40 ಗ್ರಾಂನಿಂದ 9. ಒಟ್ಟು 52. ಜೋಳದಲ್ಲಿ ಲೈಸಿನ್ ಎಂಬ ಪ್ರೋಟೀನಿನ ಅಂಶ ಕಡಿಮೆ, ಅದನ್ನು ಬೇಳೆ ತುಂಬುತ್ತದೆ. ಹಾಗಾಗಿ ಬರೀ ರೊಟ್ಟಿ-ಖಾರ ಉಂಡು ವೀಗನ್ ಎಂದುಕೊಂಡರೆ ಸೊರಗುವುದು ಖಂಡಿತ. ಹಾಲು ಬಿಟ್ಟವರಿಗೆ ಕ್ಯಾಲ್ಸಿಯಂ ಎಳ್ಳಿನ ಹಿಂಡಿ, ನುಗ್ಗೆಸೊಪ್ಪಿನಿಂದ; ಅಗಸಿ ಹಿಂಡಿ ಮೀನಿನ ಕೊಬ್ಬಿನ ಜಾಗವನ್ನು ತಕ್ಕಮಟ್ಟಿಗೆ ತುಂಬುತ್ತದೆ. ಬೇಳೆಗೆ ಲಿಂಬೆ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹೀರಿಕೊಳ್ಳುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಒಂದು ಗಂಟೆ ಬಿಡಿ. ಎಳ್ಳಮಾವಾಸ್ಯೆಯ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಯ ಬುತ್ತಿಯಲ್ಲಿ ಮಜ್ಜಿಗೆ-ತುಪ್ಪ ಬಿಟ್ಟರೆ ಉಳಿದದ್ದೆಲ್ಲ ವೀಗನ್ನೇ.

ವಿಟಮಿನ್ ಬಿ12 ಮಾತ್ರ ಈ ತಾಟಿನಲ್ಲಿ ಇಲ್ಲ. ಇದನ್ನು ಮುಚ್ಚಿಡಬೇಡಿ. ಸೊಪ್ಪು, ಮೊಳಕೆಕಾಳು, ಸ್ಪಿರುಲಿನಾ ಯಾವುದೂ ನೆಚ್ಚಿಕೊಳ್ಳುವಂಥದ್ದಲ್ಲ. ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ ಮಾತ್ರೆ, ಇಲ್ಲವೇ ವಾರಕ್ಕೆ 2000 ಮೈಕ್ರೋಗ್ರಾಂ ಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಇನ್ನೂ ಇಳಿಯುತ್ತದೆ, ಅವರು ಮೊದಲು ರಕ್ತ ಪರೀಕ್ಷೆ ಮಾಡಿಸಲಿ. ಕಾಲು ಜೋಮು ಹಿಡಿದು "ನಿನ್ನ ಮಾತು ಕೇಳಿ ಹಿಂಗಾತು" ಎಂದು ಒಬ್ಬರು ಹೇಳಿದರೆ ಇಡೀ ಓಣಿ ಕೇಳಿಸಿಕೊಳ್ಳುತ್ತದೆ.

ಉಣ್ಣಿಸುವುದು ಮಾತಿಗಿಂತ ಮೇಲು, ಮಾಡುವ ರೀತಿ ಗೊತ್ತಿದ್ದರೆ. ತಹರಿಗೆ (ಮಸಾಲೆ ಅನ್ನ) ಸೋಯಾ ಚಂಕ್ಸ್ ಹಾಕುವುದಾದರೆ ನಾಲ್ಕು ಜನಕ್ಕೆ 50 ಗ್ರಾಂ ಸಾಕು. ಉಪ್ಪು ಹಾಕಿದ ಬಿಸಿನೀರಲ್ಲಿ 10 ನಿಮಿಷ ನೆನೆಸಿ, ಹಿಂಡಿ, ಮತ್ತೆ ತಣ್ಣೀರಲ್ಲಿ ತೊಳೆದು ಹಿಂಡಬೇಕು. ಒಮ್ಮೆ ಮಾತ್ರ ಹಿಂಡಿದರೆ ಹಸಿ ಸೋಯಾ ವಾಸನೆ ಅನ್ನಕ್ಕೆಲ್ಲ ಹತ್ತುತ್ತದೆ. ಮಸಾಲೆಯಲ್ಲಿ ಎಣ್ಣೆ ಬಿಡುವವರೆಗೆ ಹುರಿದೇ ಅಕ್ಕಿ ಹಾಕಿ, ಇಲ್ಲದಿದ್ದರೆ ಒಳಗೆ ಸಪ್ಪೆ ಉಳಿಯುತ್ತದೆ. "ಮಟನ್ ಥರಾನೇ ಅದ" ಎಂದು ಹೇಳಿ ಬಡಿಸಬೇಡಿ. ಇರುವುದಿಲ್ಲ, ಹೋಲಿಸಿ ನೋಡಿ ಸೋಲಿಸುತ್ತಾರೆ. ತಹರಿ ಎಂದಷ್ಟೇ ಹೇಳಿ.

ಶೇಂಗಾ ಮೊಸರಿಗೆ 150 ಗ್ರಾಂ ಹಸಿ ಶೇಂಗಾ ಎಂಟು ತಾಸು ನೆನೆಸಿ, ಸಿಪ್ಪೆ ತೆಗೆದು, ಮೂರು ಬಟ್ಟಲು ನೀರಿನಲ್ಲಿ ನುಣ್ಣಗೆ ರುಬ್ಬಿ ಸೋಸಿ. ತಳ ಹತ್ತದಂತೆ ಕೈಯಾಡಿಸುತ್ತ 10 ನಿಮಿಷ ಕುದಿಸಿ. ಬೆಚ್ಚಗಾದ ಮೇಲೆ ಆರೆಂಟು ಹಸಿಮೆಣಸಿನಕಾಯಿ ತೊಟ್ಟು ಮುಳುಗಿಸಿಡಿ. ಬಿಸಿ ಹೆಚ್ಚಿದ್ದರೆ ಹೆಪ್ಪಾಗುವುದಿಲ್ಲ, ನೀರು ಹೆಚ್ಚಿದ್ದರೆ ಒಡೆದು ನಿಲ್ಲುತ್ತದೆ. ಚಳಿಗಾಲದಲ್ಲಿ 10-12 ತಾಸು ಬೇಕು. ಏಪ್ರಿಲ್-ಮೇ ಬಿಸಿಲಲ್ಲಿ ಐದು ತಾಸಿಗೇ ಹುಳಿ ಬರುತ್ತದೆ, ಆಗಲೇ ಫ್ರಿಜ್‌ಗೆ ಇಡಿ. ಮೊದಲ ಸಲದ ಮೊಸರನ್ನು ಒಗ್ಗರಣೆ ಹಾಕಿ ಮಜ್ಜಿಗೆ ಮಾಡಿ ಕೊಡುವುದು ಜಾಣತನ, ಬರೀ ಮೊಸರಾಗಿ ಕೊಟ್ಟರೆ ಶೇಂಗಾ ವಾಸನೆ ಮುಂದೆ ಬರುತ್ತದೆ.

ಒಪ್ಪಿದ ಮೇಲೆ

ಒಬ್ಬರು "ಆತು, ನೋಡ್ತೀನಿ" ಅಂದರೆ ಮೊದಲು ಕೇಳಬೇಕಾದ್ದು, ಅಡುಗೆ ಮಾಡುವವರು ಯಾರು? ಗಂಡ ಪಟ್ಟು ಹಿಡಿದು ಹೆಂಡತಿ ಎರಡು ಗಡಿಗೆ ಇಡುವ ಹಾಗಾದರೆ ಹದಿನೈದು ದಿನದಲ್ಲಿ ಅದು ಮುರಿಯುತ್ತದೆ, ಬೈಗುಳ ಅವಳಿಗೆ ಬರುತ್ತದೆ. ರೊಟ್ಟಿ, ಬೇಳೆ, ಪುಂಡಿಪಲ್ಯ, ಹಿಂಡಿ ಎಲ್ಲರಿಗೂ ಒಂದೇ ಇರಲಿ. ಬೇಕಾದವರಿಗೆ ಖಂಡದ ಸಾರು, ಮೊಸರು ಪಕ್ಕದಲ್ಲಿ ಇರಲಿ. ಆಗ ಬಿಡುವವರು ಒಂದನ್ನು ಹಾಕಿಸಿಕೊಳ್ಳದಿದ್ದರೆ ಸಾಕು, ಅಡುಗೆಮನೆಯಲ್ಲಿ ಯಾರಿಗೂ ಹೊಸ ಕೆಲಸ ಬೀಳುವುದಿಲ್ಲ. ಆ ಮನೆಯ ಅಕ್ಕನ ಜತೆ ಮಾತಾಡದೆ ಅಣ್ಣನ ಜತೆ ಒಪ್ಪಂದ ಮಾಡಿಕೊಳ್ಳಬೇಡಿ.

ವಾರಕ್ಕೆ ಒಂದು ದಿನ ಎಂದರೆ ಅವರೇ ದಿನ ಹೇಳಲಿ. ಸೋಮವಾರ, ಶ್ರಾವಣ ಎಂದು ಈಗಾಗಲೇ ಬಿಡುವ ದಿನಗಳನ್ನು ಎಣಿಸಿದರೆ ಅವರಿಗೆ ಸುಲಭ, ಆದರೆ ಪ್ರಾಣಿಗೆ ಏನೂ ಹೆಚ್ಚು ಸಿಗಲಿಲ್ಲ. ಇನ್ನೊಂದು ದಿನ ಸೇರಿಸಲು ಆಗುತ್ತದೆಯೇ ಎಂದು ನಗುತ್ತಲೇ ಕೇಳಿ. ಕೊಯ್ಯುವ ವಿಡಿಯೋಗಳನ್ನು ಕಳಿಸಬೇಡಿ. ಕೇಳಿದವರಿಗೂ, ಒಬ್ಬರೇ ಇರುವಾಗ, ಏನು ಕಾಣುತ್ತದೆಂದು ಮೊದಲೇ ಹೇಳಿ ತೋರಿಸಿ. ಎದುರಿಗಿದ್ದವರು ಗಡಿಯಾರ ನೋಡಿದರೆ, ಒಂದೇ ಮಾತನ್ನು ಮೂರು ಸಲ ಆಡಿದರೆ, ದನಿ ಏರಿದರೆ, "ಹೋಗ್ಲಿ ಬಿಡ್ರಿ, ಮಳಿ ಹ್ಯಾಂಗಾತು ನಿಮ್ಮ ಕಡೆ?" ಎಂದು ನೀವೇ ಮಾತು ಬದಲಿಸಿ.

ಎರಡು ವಾರ ಬಿಟ್ಟು ಭೇಟಿಯಾದಾಗ "ಬಿಟ್ರೇನು?" ಎಂದು ತಪಾಸಣೆ ಮಾಡಬೇಡಿ. "ಆ ಶೇಂಗಾ ಮೊಸರು ಹೆಪ್ಪಾತೇನ್ರಿ?" ಎಂದು ಕೇಳಿ. ಆಗಲಿಲ್ಲ ಎಂದರೆ ಶೇಂಗಾ ಹಾಲು ಎಷ್ಟು ಬಿಸಿ ಇದ್ದಾಗ ತೊಟ್ಟು ಹಾಕಿದ್ದರು ಎಂದು ವಿಚಾರಿಸಿ. ಹತ್ತರಲ್ಲಿ ಎಂಟು ಸಲ ತಪ್ಪಾಗಿರುವುದು ಅಲ್ಲೇ.